ಹೊಸ ಲ್ಯಾಪ್‌ಟಾಪ್‌ಗೆ ಯಾವ ಓಎಸ್? ಮೊದಲು ಮನೆಯ ಹಳೇ ಸಾಮಾನು ನೋಡಿ

ಪ್ರಶ್ನೆ: ನಮ್ಮ ಮನೆ ರಾಜಾಜಿನಗರದಲ್ಲಿ. ಮಗಳು ಈ ವರ್ಷ ಕನಕಪುರ ರಸ್ತೆ ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಿದ್ದಾಳೆ. ಹೊಸ ಲ್ಯಾಪ್‌ಟಾಪ್ ಬೇಕು. 65 ಸಾವಿರಕ್ಕಿಂತ ಜಾಸ್ತಿ ಹಾಕಲು ಆಗುವುದಿಲ್ಲ. ಸ್ಟಾರ್ಟಪ್‌ನಲ್ಲಿರುವ ನನ್ನ ತಮ್ಮ ಮ್ಯಾಕ್ ತಗೊಳ್ಳಿ ಅಂತಾನೆ. ಮಗಳ ಸೀನಿಯರ್‌ಗಳು ಲಿನಕ್ಸ್ ಅಂತಾರೆ. ಅಂಗಡಿಯವರು ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್ ತೋರಿಸಿ, ಬ್ಯಾಟರಿ ದಿನವಿಡೀ ಬರುತ್ತೆ ಅಂದರು. ನಾನು ಮನೆಯಲ್ಲೇ ಕೂತು ನಾಲ್ಕು ಅಂಗಡಿಗಳ ಲೆಕ್ಕ ಟ್ಯಾಲಿಯಲ್ಲಿ ಬರೆಯುತ್ತೇನೆ. ನಮ್ಮ ಯಜಮಾನರು ಬಡಾವಣೆಯ ಕನ್ನಡ ಸಂಘದ ಪತ್ರಿಕೆಯನ್ನು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಈಗಿರುವುದು 2016ರ ಲ್ಯಾಪ್‌ಟಾಪ್, ವಿಂಡೋಸ್ 10. ಒಂದೇ ಹೊಸದು ತಗೊಂಡು ಮೂವರೂ ಬಳಸೋಣ ಅಂತಿದ್ದೇವೆ. ಯಾವ ಓಎಸ್ (ವಿಂಡೋಸ್, ಮ್ಯಾಕ್, ಲಿನಕ್ಸ್ ಥರದ, ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಓಎಸ್ ಅಲ್ಲ, ‘ಒಂದೇ ಹೊಸದು ತಗೊಂಡು ಮೂವರೂ’ ಅನ್ನುವ ಮಾತು. ಮಗಳು ಬೆಳಗ್ಗೆ ಎಂಟಕ್ಕೆ ಬ್ಯಾಗಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಮೆಟ್ರೋ ಹತ್ತುತ್ತಾಳೆ. ಸಂಜೆ ಬಂದು ಅಸೈನ್‌ಮೆಂಟ್ ಬರೆಯಬೇಕು. ಜಿಎಸ್‌ಟಿ ರಿಟರ್ನ್ ದಿನ ಹತ್ತಿರ ಬಂದಾಗ ನೀವು ಏನು ಮಾಡುತ್ತೀರಿ? ಅವಳು ಬರೋವರೆಗೆ ಕಾಯ್ತೀರಾ? ಮೊದಲ ತಿಂಗಳಲ್ಲೇ ಮನೆಯಲ್ಲಿ ಜಗಳ ಶುರುವಾಗುತ್ತೆ. ಹಾಗಾಗಿ ನಿಮ್ಮದು ಒಂದು ಪ್ರಶ್ನೆ ಅಲ್ಲ, ಎರಡು. ಮನೆಯಲ್ಲೇ ಇರುವ ಯಂತ್ರಕ್ಕೆ ಯಾವ ಓಎಸ್, ಕಾಲೇಜಿಗೆ ಹೋಗುವ ಯಂತ್ರಕ್ಕೆ ಯಾವ ಓಎಸ್.

ಮೊದಲು ನಿಮ್ಮದು ನೋಡೋಣ. ಅದು ಸುಲಭ.

ಇಪ್ಪತ್ತು ವರ್ಷದಿಂದ ಜನರಿಗೆ ಕಂಪ್ಯೂಟರ್ ಕೊಡಿಸುತ್ತಾ, ರಿಪೇರಿ ಮಾಡುತ್ತಾ ನಾನು ಕಲಿತಿದ್ದು ಒಂದು. ಯಾವ ಓಎಸ್ ಚೆನ್ನಾಗಿದೆ ಅಂತ ಕೇಳಿದರೆ ಉತ್ತರ ಸಿಗೋದಿಲ್ಲ. ಮನೆಯಲ್ಲಿ ಬಿಡಲಾಗದ ಹಳೇ ಸಾಮಾನು ಯಾವುದು ಅಂತ ಕೇಳಿದರೆ ತಕ್ಷಣ ಸಿಗುತ್ತೆ. ಹೊಸ ಕೆಲಸಗಳೆಲ್ಲ ಬ್ರೌಸರ್‌ನಲ್ಲೇ ಆಗುತ್ತವೆ. ಬ್ಯಾಂಕು, ಮೇಲು, ವಿಡಿಯೋ ಕ್ಲಾಸು, ಕರೆಂಟ್ ಬಿಲ್ಲು ಯಾವ ಓಎಸ್ ಆದರೂ ನಡೆಯುತ್ತೆ. ತಕರಾರು ಮಾಡೋದು ಹಳೇ ಪ್ರಿಂಟರು, ಹಳೇ ಫೈಲು, ಹಳೇ ತಂತ್ರಾಂಶ.

ನಿಮ್ಮ ಮನೆಯಲ್ಲಿ ಅಂಥವು ಎರಡು ಇವೆ, ಟ್ಯಾಲಿ ಮತ್ತು ನುಡಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಬಗ್ಗೆ ನೀವು ಬರೆದಿಲ್ಲ. ನಾಲ್ಕು ಅಂಗಡಿ ಲೆಕ್ಕ ನೋಡುವವರ ಹತ್ತಿರ ಒಂದಾದರೂ ಇದ್ದೇ ಇರುತ್ತೆ ಅಂದುಕೊಳ್ಳುತ್ತೇನೆ. ಆನ್‌ಲೈನ್‌ನಲ್ಲಿ ಸಹಿ ಹಾಕಲು ಯುಎಸ್‌ಬಿಗೆ ಸಿಕ್ಕಿಸುವ ಆ ಚಿಕ್ಕ ಕಡ್ಡಿ.

ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಆದರೆ ಅದರ ತಂತ್ರಾಂಶ ಓಡೋದು ವಿಂಡೋಸ್‌ನಲ್ಲಿ. ವೈನ್ ಅನ್ನುವ ಉಪಾಯದಿಂದ ಲಿನಕ್ಸ್‌ನಲ್ಲೂ ಓಡಿಸುವವರಿದ್ದಾರೆ. ಮ್ಯಾಕ್ ಒಳಗೆ ಇನ್ನೊಂದು ವಿಂಡೋಸ್ ಕೂರಿಸಿ ಓಡಿಸುವವರೂ ಇದ್ದಾರೆ. ಸ್ವಂತ ಲೆಕ್ಕ ಆಗಿದ್ದರೆ ಮಾಡಿ ನೋಡಿ ಅನ್ನುತ್ತಿದ್ದೆ. ಇದು ಬೇರೆಯವರ ಲೆಕ್ಕ. ರಿಟರ್ನ್ ಹಾಕುವ ದಿನ ಲೈಸೆನ್ಸ್ ಕಾಣ್ತಿಲ್ಲ ಅಂತ ಪರದೆ ಮೇಲೆ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ? ಬೇಡ. ನಿಮ್ಮ ಯಂತ್ರಕ್ಕೆ ವಿಂಡೋಸ್ 11, ಇದರಲ್ಲಿ ಯೋಚನೆಯೇ ಬೇಡ. ಗೂಗಲ್‌ನ ಓಎಸ್ ಇರುವ ಕ್ರೋಮ್‌ಬುಕ್ ಕಡೆ ನೋಡಲೂ ಬೇಡಿ.

ಅಂಗಡಿಯವರು ತೋರಿಸಿದ ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್ ಕೂಡ ವಿಂಡೋಸ್ 11ನದ್ದೇ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಒಳಗಿನ ಚಿಪ್ ಬೇರೆ ಜಾತಿಯದು. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳದ್ದು ಒಂದು ಭಾಷೆ, ಸ್ನಾಪ್‌ಡ್ರ್ಯಾಗನ್‌ನದ್ದು ಆರ್ಮ್ ಅನ್ನುವ ಇನ್ನೊಂದು ಭಾಷೆ, ನಮ್ಮ ಮೊಬೈಲ್‌ಗಳಲ್ಲಿ ಇರುವುದು. ಹಳೇ ತಂತ್ರಾಂಶಗಳನ್ನು ವಿಂಡೋಸ್ ಆಗಿಂದಾಗಲೇ ಅನುವಾದ ಮಾಡಿಕೊಂಡು ಓಡಿಸುತ್ತೆ, ಹೆಚ್ಚಿನವು ಓಡುತ್ತವೆ ಕೂಡ. ಡ್ರೈವರ್‌ಗಳ (ಹೊರಗಿನ ಸಾಮಾನು ಕಂಪ್ಯೂಟರ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ) ವಿಷಯದಲ್ಲಿ ಈ ಅನುವಾದ ನಡೆಯೋದಿಲ್ಲ. ಪ್ರಿಂಟರ್ ಡ್ರೈವರ್, ಟೋಕನ್ ಡ್ರೈವರ್ ಇವನ್ನು ಆರ್ಮ್‌ಗಾಗಿಯೇ ಬರೆದಿರಬೇಕು. ಹತ್ತು ವರ್ಷದ ಹಳೇ ಲೇಸರ್ ಪ್ರಿಂಟರ್‌ಗೆ ಈಗ ಯಾರು ಹೊಸ ಡ್ರೈವರ್ ಬರೆಯುತ್ತಾರೆ? ಬ್ಯಾಟರಿ ಬಗ್ಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ನಿಮ್ಮ ಕೆಲಸಕ್ಕೆ ಅದು ಸರಿಹೋಗಲ್ಲ, ಅಷ್ಟೇ. ಇಂಟೆಲ್ ಅಥವಾ ಎಎಂಡಿ ಅಂತ ಬಾಯಿಬಿಟ್ಟು ಕೇಳಿ ತಗೊಳ್ಳಿ.

ಈಗ ನಿಮ್ಮ ಯಜಮಾನರ ನುಡಿ ಫೈಲ್‌ಗಳು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮಾರುವ ಯಾರೂ ಇದನ್ನು ಹೇಳೋದಿಲ್ಲ.

ನುಡಿಯಲ್ಲಿ ಎರಡು ಥರ ಟೈಪ್ ಮಾಡಬಹುದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಫೈಲ್ ಒಳಗೆ ‘ಕ’ ಅನ್ನುವುದು ‘ಕ’ ಆಗಿಯೇ ಕೂರುತ್ತೆ. ಯಾವ ಓಎಸ್‌ನಲ್ಲಿ ತೆಗೆದರೂ ಕನ್ನಡ ಕಾಣುತ್ತೆ. ಹಳೇ ಪದ್ಧತಿಯದ್ದು ಹಾಗಲ್ಲ. ಅದರಲ್ಲಿ ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ನುಡಿಯ ಫಾಂಟ್ ಆ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ಚಿತ್ರ ಬಿಡಿಸುತ್ತೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಪುಟ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಸಂಘದ ಪತ್ರಿಕೆಗಳಲ್ಲಿ, ಸಣ್ಣ ಪ್ರೆಸ್‌ಗಳಲ್ಲಿ ಈ ಹಳೇ ಪದ್ಧತಿ ಇನ್ನೂ ಜೀವಂತ. ಪುಟ ಕಟ್ಟುವ ಹಳೇ ತಂತ್ರಾಂಶಗಳು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ.

ನಿಮ್ಮವರ ಫೈಲ್ ಯಾವ ಥರದ್ದು ಅಂತ ತಿಳಿಯೋದು ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಏನೂ ಚಿಂತೆ ಇಲ್ಲ. ಕಲಸುಮೇಲೋಗರ ಬಂದರೆ ಹಳೇ ಪದ್ಧತಿ. ಆಗ ವಿಂಡೋಸ್ ಕೈಬಿಡುವ ಹಾಗಿಲ್ಲ. ಫಾಂಟ್ ಹಾಕಿಕೊಂಡರೆ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಓದಬಹುದು. ಆದರೆ ಆ ಪದ್ಧತಿಯಲ್ಲಿ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದ್ದು. ಹಳೇ ಸಂಚಿಕೆಗಳನ್ನು ನಿಧಾನಕ್ಕೆ ಯೂನಿಕೋಡ್‌ಗೆ ಬದಲಿಸಿಕೊಳ್ಳಲು ಹೇಳಿ. ಅದಕ್ಕೆ ಪರಿವರ್ತಕಗಳು ಇವೆ, ದುಡ್ಡು ಕೊಡಬೇಕಿಲ್ಲ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ಓದಿ ನೋಡಬೇಕು. ‘ಕಾರ್ಯ’, ‘ವರ್ಷ’, ‘ಅರ್ಥ’ ಇಂಥವು ಎಡವುವ ಜಾಗ.

ಒಂದು ತಮಾಷೆ ಹೇಳಬೇಕು. ನುಡಿಯಲ್ಲಿ ಕೈ ಪಳಗಿದವರ ಕಗಪ ಕೀಲಿಮಣೆ ವಿನ್ಯಾಸ ಉಬುಂಟು ಥರದ ಲಿನಕ್ಸ್‌ಗಳಲ್ಲಿ ಮೊದಲೇ ಒಳಗೆ ಕೂತಿರುತ್ತೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ದುಡ್ಡು ಕೊಟ್ಟು ತಗೊಂಡ ವಿಂಡೋಸ್‌ನಲ್ಲಿ ಒಳಗಿರೋದು ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಅನ್ನುವ ಬೇರೆ ವಿನ್ಯಾಸಗಳು. ಕಗಪ ಬೇಕೆಂದರೆ ನುಡಿಯನ್ನೋ ಬೇರೆ ಏನನ್ನೋ ಹಾಕಿಕೊಳ್ಳಬೇಕು. ಅಂದ ಹಾಗೆ, ಡಬ್ಬಿಯ ಮೇಲೆ ‘ಹೋಮ್ ಸಿಂಗಲ್ ಲಾಂಗ್ವೇಜ್’ ಅಂತ ಇದ್ದರೆ ಗಾಬರಿ ಬೇಡ. ಮೆನುಗಳ ಭಾಷೆ ಒಂದೇ ಇರುತ್ತೆ ಅಂತ ಅದರ ಅರ್ಥ. ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಲು ಅಡ್ಡಿ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. 65 ಸಾವಿರ ಪೂರ್ತಿ ಒಂದಕ್ಕೇ ಸುರಿಯಬೇಡಿ. ಸುಮಾರು 20 ಸಾವಿರ ಪಕ್ಕಕ್ಕಿಟ್ಟು ನಿಮಗೊಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ನೋಡಿ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಹೊರಗೆ ಹಾಕಿದ ಗಟ್ಟಿ ಯಂತ್ರಗಳು ಎಸ್‌ಪಿ ರೋಡ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಟ್ಯಾಲಿಗೆ, ನುಡಿಗೆ ಅದು ಧಾರಾಳ ಸಾಕು. ಆದರೆ ಇಲ್ಲೊಂದು ಹಳ್ಳ ಇದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲಿನವು ಅಂತ ಇಟ್ಟುಕೊಳ್ಳಿ. ಆರು, ಏಳನೇ ತಲೆಮಾರಿನ ಯಂತ್ರಗಳಿಗೂ ತಪಾಸಣೆ ತಪ್ಪಿಸಿ ವಿಂಡೋಸ್ 11 ತುರುಕಿ ಮಾರುತ್ತಾರೆ. ಪರದೆ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಮುಂದೆ ದೊಡ್ಡ ಅಪ್‌ಡೇಟ್ ಬಂದಾಗ ಗೊತ್ತಾಗುತ್ತೆ. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಹೆಸರು ಓದಿ. ಐ5-8250ಯು ಅಂತ ಇದ್ದರೆ ಅಡ್ಡಗೆರೆ ಆದಮೇಲಿನ 8 ತಲೆಮಾರು. ಐ5-6200ಯು ಅಂತ ಇದ್ದರೆ ಆರನೆಯದು, ಮುಂದಿನ ಅಂಗಡಿಗೆ ನಡೆಯಿರಿ. ನಿಮ್ಮ 2016ರ ಲ್ಯಾಪ್‌ಟಾಪ್‌ಗೂ ಇದೇ ಕಾರಣಕ್ಕೆ ವಿಂಡೋಸ್ 11 ಇಲ್ಲ.

ಇನ್ನೊಂದು ಮಾತು. ವಿಂಡೋಸ್ ಇಲ್ಲದೆ, ಡಾಸ್ ಅನ್ನುವ ಹಳೇ ಓಎಸ್ ಹಾಕಿ ಕೆಲವು ಸಾವಿರ ಕಡಿಮೆಗೆ ಮಾರುವ ಮಾದರಿಗಳಿವೆ. ‘ವಿಂಡೋಸ್ ನಾವೇ ಹಾಕ್ಕೊಡ್ತೀವಿ ಮೇಡಂ’ ಅಂದರೆ ಅದು ಬಹಳ ಸಲ ಕಳ್ಳಪ್ರತಿ. ಅದನ್ನು ಚಾಲೂ ಮಾಡುವ ಆಕ್ಟಿವೇಟರ್ ಒಳಗೆ ಏನಿರುತ್ತೋ ಆ ದೇವರೇ ಬಲ್ಲ. ಬೇರೆಯವರ ಲೆಕ್ಕಪತ್ರ ಇಡುವ ಯಂತ್ರಕ್ಕೆ ಅದು ಬೇಡವೇ ಬೇಡ.

ಈಗ ಮಗಳದು.

ನಿಮ್ಮ ತಮ್ಮ ಮ್ಯಾಕ್ ಅಂದಿದ್ದು ಯಾಕೆ ಅಂತ ನನಗೆ ಅರ್ಥವಾಗುತ್ತೆ. ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಆಫೀಸುಗಳಲ್ಲಿ ಸಾಲಾಗಿ ಮ್ಯಾಕ್‌ಗಳೇ. ಅವು ಒಳ್ಳೆಯ ಯಂತ್ರಗಳು ಕೂಡ. 2020ರಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಮೇಲೆ ಬ್ಯಾಟರಿ ವಿಷಯದಲ್ಲಿ ಉಳಿದವರು ಹಿಂದಿನಿಂದ ಓಡಿ ಬರಬೇಕಾಯಿತು. ಏರ್ ಮಾದರಿಯಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲ. ಒಳಗಿರುವುದು ಲಿನಕ್ಸ್ ಹಾಗೇ ನಡೆಯುವ ಯೂನಿಕ್ಸ್ ಆದ್ದರಿಂದ ಪ್ರೋಗ್ರಾಂ ಬರೆಯುವವರಿಗೆ ಹಿತ. ಆದರೆ ನಿಮ್ಮ ತಮ್ಮನಿಗೆ ಮ್ಯಾಕ್ ಕೊಟ್ಟಿದ್ದು ಕಂಪನಿ. ದುಡ್ಡು ಕಂಪನಿಯದ್ದು, ಕೆಟ್ಟರೆ ಬದಲಿ ಕೊಡುವ ಐಟಿಯವರೂ ಕಂಪನಿಯವರೇ. ನಿಮ್ಮ ಬಜೆಟ್ಟಿಗೆ ಆಫರ್‌ನಲ್ಲಿ ಸಿಕ್ಕರೆ ಹಳೇ ಮಾದರಿ, ಬಹಳ ಸಲ 8 ಜಿಬಿ ರ‍್ಯಾಮ್‌ನದ್ದು ಸಿಗಬಹುದು. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರೋದಿಲ್ಲ. ಕೊಂಡ ದಿನ ಎಷ್ಟೋ ಕೊನೆಯ ದಿನವೂ ಅಷ್ಟೇ. ನಾಲ್ಕು ವರ್ಷದ ಕೋರ್ಸಿಗೆ 8 ಜಿಬಿ ಮೇಲೆ ನಂಬಿಕೆ ಇಡಲು ನನಗೆ ಮನಸ್ಸಿಲ್ಲ.

ಮೊದಲ ವರ್ಷದ ಪಾಠವೂ ಇದೆ. ಇಂಜಿನಿಯರಿಂಗ್ ಡ್ರಾಯಿಂಗ್ ಅನ್ನು ಈಗ ಕಂಪ್ಯೂಟರ್‌ನಲ್ಲೇ ಕಲಿಸುತ್ತಾರೆ. ಸಾಲಿಡ್ ಎಡ್ಜ್ ಅನ್ನುವ ಡ್ರಾಯಿಂಗ್ ತಂತ್ರಾಂಶ ಬಳಸುವ ಕಾಲೇಜು ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ. ಲ್ಯಾಬ್‌ನಲ್ಲಿ ಮಾಡಿದರೆ ಸಾಕು ಅನ್ನಬಹುದು. ಲ್ಯಾಬ್ ಇಂಟರ್ನಲ್ ಹಿಂದಿನ ರಾತ್ರಿ ಮನೆಯಲ್ಲಿ ಅಭ್ಯಾಸ ಮಾಡಬೇಕು ಅಂದಾಗ ನಿಮಗೇ ಗೊತ್ತಾಗುತ್ತೆ. ಐಫೋನ್ ಆಪ್ ಬರೆಯುವುದಕ್ಕೆ ಮಾತ್ರ ಮ್ಯಾಕ್ ಇಲ್ಲದೆ ಆಗೋದಿಲ್ಲ. ಆ ಹುಚ್ಚು ಮೂರನೇ ವರ್ಷದಲ್ಲಿ ಹಿಡಿದರೆ ಆಗ ನೋಡೋಣ.

ಸೀನಿಯರ್‌ಗಳು ಲಿನಕ್ಸ್ ಅಂದಿದ್ದು ಸರಿ. ಅರ್ಧ ಸರಿ. ಮಗಳು ಮುಂದೆ ಕೆಲಸ ಮಾಡುವ ಸರ್ವರ್‌ಗಳು ಬಹುಪಾಲು ಲಿನಕ್ಸ್‌ನವೇ. ಸಿ, ಪೈಥಾನ್, ಗಿಟ್, ಡೇಟಾಬೇಸ್ ಎಲ್ಲಾ ಅಲ್ಲಿ ನೀರು ಕುಡಿದಷ್ಟು ಸಲೀಸು. ಅವಳು ಲಿನಕ್ಸ್ ಕಲಿಯಲೇಬೇಕು. ಆದರೆ ಅದೊಂದನ್ನೇ ಹಾಕಿಕೊಂಡು ಕೂತರೆ ಬೇರೆ ಕಡೆ ಸಿಕ್ಕಿಬೀಳುತ್ತಾಳೆ. ಆನ್‌ಲೈನ್ ಪರೀಕ್ಷೆಗೆ, ಕ್ಯಾಂಪಸ್ ಟೆಸ್ಟಿಗೆ ಪರದೆ ಲಾಕ್ ಮಾಡುವ ತಂತ್ರಾಂಶ ಹಾಕಿಸುತ್ತಾರೆ. ಉದಾಹರಣೆಗೆ ಸೇಫ್ ಎಕ್ಸಾಂ ಬ್ರೌಸರ್ ವಿಂಡೋಸ್‌ಗೆ, ಮ್ಯಾಕ್‌ಗೆ ಇದೆ, ಲಿನಕ್ಸ್‌ಗೆ ಇಲ್ಲ. ಟೆಸ್ಟ್ ಶುರುವಾಗಲು ಹತ್ತು ನಿಮಿಷ ಇದ್ದಾಗ ಗೆಳತಿಯ ಲ್ಯಾಪ್‌ಟಾಪ್ ಬೇಡುತ್ತಾ ಕಾರಿಡಾರ್‌ನಲ್ಲಿ ಓಡಿದ ಹುಡುಗಿಯನ್ನು ನಾನೇ ನೋಡಿದ್ದೇನೆ.

ಹಾಗಾಗಿ ಮಗಳಿಗೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ನ ಹೊಸ ಲ್ಯಾಪ್‌ಟಾಪ್, ವಿಂಡೋಸ್ 11, ಉಳಿದ 45 ಸಾವಿರದ ಆಸುಪಾಸಿನಲ್ಲಿ. 16 ಜಿಬಿ ರ‍್ಯಾಮ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. 8 ಜಿಬಿಯದ್ದೇ ಸಿಕ್ಕರೆ ರ‍್ಯಾಮ್ ಹಾಕಲು ಒಂದು ಸ್ಲಾಟ್ ಖಾಲಿ ಇದೆಯಾ ಅಂತ ಕೇಳಿ, ಮುಂದಿನ ವರ್ಷ ಸೇರಿಸಬಹುದು. ಕೀಬೋರ್ಡಿನ ಬಣ್ಣಬಣ್ಣದ ಲೈಟಿಗೆ ದುಡ್ಡು ಕೊಡಬೇಡಿ. ತೂಕ ಮಾತ್ರ ಕೈಯಲ್ಲಿ ಎತ್ತಿ ನೋಡಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಬೆಳಗಿನ ಹೊತ್ತು ರಾಜಾಜಿನಗರದಿಂದ ಆ ಕಡೆ ತುದಿವರೆಗೆ ನಿಂತೇ ಹೋಗುವವಳು ಅವಳು.

ಲಿನಕ್ಸ್ ಬೇಕಾದಾಗ ಅದೇ ವಿಂಡೋಸ್ ಒಳಗೆ ಡಬ್ಲ್ಯೂಎಸ್ಎಲ್ ಅನ್ನುವ ಸೌಲಭ್ಯ ಇದೆ. ಒಂದು ಸಾಲಿನ ಕಮಾಂಡ್ ಕೊಟ್ಟರೆ ಉಬುಂಟು ಬಂದು ಕೂರುತ್ತೆ. ಮೊದಲ ಎರಡು ವರ್ಷಕ್ಕೆ ಅಷ್ಟು ಸಾಕು. ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಪಕ್ಕಪಕ್ಕ ಹಾಕೋದು, ಮಾಡ್ತೀನಿ ಅಂತ ಅವಳು ಹಠ ಹಿಡಿದರೆ ತಡೆಯಬೇಡಿ, ಆದರೆ ಈ ಮುಂದಿನ ಕಥೆ ಓದಿಸಿ.

ಕಳೆದ ವರ್ಷ ಮಲ್ಲೇಶ್ವರದಿಂದ ನನಗೆ ಪರಿಚಯದವರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಅಪ್‌ಡೇಟ್ ಆದಮೇಲೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅಂತ ಕೇಳುತ್ತಿತ್ತು. ಈಗಿನ ವಿಂಡೋಸ್ 11ನಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗೇ ಬೀಗ ಬೀಳುವುದುಂಟು. ಕಳ್ಳತನ ಆದರೆ ಒಳಗಿನದ್ದು ಯಾರಿಗೂ ಸಿಗದಿರಲಿ ಅಂತ. ಒಳ್ಳೆಯದೇ. ಬೀಗದ ಕೀಲಿ ಆ ಅಕೌಂಟಿನಲ್ಲಿ ಇರುತ್ತೆ. ‘ನಿಮ್ಮ ಅಕೌಂಟ್ ಯಾವುದು?’ ಅಂದೆ. ‘ಅಕೌಂಟ್ ಗೊತ್ತಿಲ್ಲ, ಕೊಂಡ ಅಂಗಡಿಯ ಹುಡುಗನೇ ಎಲ್ಲಾ ರೆಡಿ ಮಾಡಿಕೊಟ್ಟ’ ಅಂದರು. ಅಂಗಡಿಗೆ ಹೋದೆವು. ಹುಡುಗ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಯಾವ ಮೇಲ್ ಐಡಿ ಹಾಕಿದ್ದನೋ ಯಾರಿಗೂ ಗೊತ್ತಿಲ್ಲ. ಮೂರು ವರ್ಷದ ಫೋಟೋ, ಮಗಳ ಮದುವೆಯ ಲೆಕ್ಕ ಎಲ್ಲಾ ಡಿಸ್ಕಿನಲ್ಲೇ ಇದೆ, ತೆಗೆಯಲು ಬರಲ್ಲ. ಕೊನೆಗೆ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆವು. ಅವರ ಮುಖ ನೋಡಲು ಆಗಲಿಲ್ಲ ನನಗೆ.

ಅದಕ್ಕೇ, ಎರಡೂ ಯಂತ್ರಗಳನ್ನು ಮೊದಲ ಸಲ ಆನ್ ಮಾಡುವಾಗ ನಿಮ್ಮದೇ ಮೇಲ್ ಐಡಿ, ನಿಮ್ಮದೇ ಫೋನ್ ನಂಬರ್ ಕೊಡಿ. ರಿಫರ್ಬಿಶ್ಡ್ ಆದರೆ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಕಣ್ಣೆದುರಿಗೆ. ಆಮೇಲೆ ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಕೆಳಗೆ ಆ 48 ಅಂಕಿ ಹುಡುಕಿ, ಪ್ರಿಂಟ್ ತೆಗೆದು ರೇಷನ್ ಕಾರ್ಡ್ ಇಡುವ ಕಡೆ ಇಡಿ. ಡ್ಯುಯಲ್ ಬೂಟ್ ಮಾಡುವಾಗಲೂ ಬೂಟ್ ಸೆಟ್ಟಿಂಗ್ ಬದಲಾಯಿತು ಅಂತ ವಿಂಡೋಸ್ ಇದೇ ಕೀ ಕೇಳಬಹುದು. ಕೀ ಕೈಯಲ್ಲಿ ಇಲ್ಲದೆ ಮಗಳು ಅದಕ್ಕೆ ಕೈ ಹಾಕಬಾರದು.

ಆಫೀಸ್ ತಂತ್ರಾಂಶದ ಬಗ್ಗೆ ಒಂದೇ ಮಾತು. ಹೊಸ ಲ್ಯಾಪ್‌ಟಾಪ್ ಜೊತೆ ಬರುವುದು ಒಂದು ವರ್ಷದ ಚಂದಾವಾ ಅಥವಾ ಒಂದೇ ಸಲ ಕೊಳ್ಳುವ ಆಫೀಸಾ ಅಂತ ಬಿಲ್ ಮಾಡುವ ಮುಂಚೆ ಕೇಳಿ. ಮಗಳ ವರದಿಗಳಿಗೆ ಲಿಬ್ರೆ ಆಫೀಸ್ ಸಾಕು, ಅದು ಉಚಿತ. ನೀವು ಲೆಕ್ಕ ಬರೆಯುವ ಅಂಗಡಿಯವರು ಕಳಿಸುವ ಎಕ್ಸೆಲ್ ಶೀಟ್‌ಗಳಲ್ಲಿ ಮ್ಯಾಕ್ರೋ (ಶೀಟ್ ಒಳಗೇ ಬರೆದ ಸಣ್ಣ ಪ್ರೋಗ್ರಾಂ) ಇದ್ದರೆ ಮಾತ್ರ ಅದು ಕೈಕೊಡುತ್ತೆ.

ಇನ್ನು ಉಳಿದಿದ್ದು 2016ರ ಹಳೇ ಲ್ಯಾಪ್‌ಟಾಪ್. ಅದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಅವರು ಕೊಡುವ ಮೊತ್ತ ಒಂದು ಹೋಟೆಲ್ ಊಟಕ್ಕೂ ಸಾಲದು. ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಹಾಕಿ ಮಗಳ ಕೈಗೆ ಕೊಡಿ. ಮಿಂಟ್‌ಗೆ 4 ಜಿಬಿ ರ‍್ಯಾಮ್ ಸಾಕಾಗುತ್ತೆ. ಅದನ್ನು ಕೆಡಿಸಲಿ, ಮತ್ತೆ ಹಾಕಲಿ, ಮತ್ತೆ ಕೆಡಿಸಲಿ. ಅಪ್ಪನ ಪತ್ರಿಕೆಯೋ ಅಮ್ಮನ ಟ್ಯಾಲಿಯೋ ಹೋಯಿತು ಅನ್ನುವ ಭಯ ಇಲ್ಲದ ಯಂತ್ರ ಅದು. ಸೀನಿಯರ್‌ಗಳೂ ಲಿನಕ್ಸ್ ಕಲಿತಿದ್ದು ಹೀಗೇ ಇರಬೇಕು, ಕೇಳಿ ನೋಡಿ.

ಮಿಂಟ್ ಹಾಕುವ ಮುಂಚೆ ಮಾತ್ರ ಮೂರು ಕೆಲಸ ಮುಗಿಸಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ತೆರೆದು ಲೈಸೆನ್ಸ್ ಸರೆಂಡರ್ ಮಾಡಿ (ವಾಪಸ್ ಕೊಡಿ), ಆಮೇಲೆ ನಿಮ್ಮ ರಿಫರ್ಬಿಶ್ಡ್ ಯಂತ್ರದಲ್ಲಿ ಆಕ್ಟಿವೇಟ್ ಮಾಡಿ. ಇದನ್ನು ಮರೆತು ಡಿಸ್ಕ್ ಅಳಿಸಿದವರು ಆಮೇಲೆ ಸಪೋರ್ಟ್‌ನವರಿಗೆ ಫೋನ್ ಹಿಡಿದು ಕೂರುತ್ತಾರೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ, ಹೊಸ ಯಂತ್ರದಲ್ಲಿ ನಾಲ್ಕೂ ಅಂಗಡಿಗಳ ಲೆಕ್ಕ ತೆರೆದುಕೊಳ್ಳುತ್ತಾ ನೋಡಿ. ಯಜಮಾನರ ನುಡಿ ಫೈಲ್‌ಗಳ ಜೊತೆ ಅವರು ಬಳಸುವ ಫಾಂಟ್‌ಗಳನ್ನೂ ತೆಗೆದಿಡಿ. ತೆಗೆಸಿದ ಹಳೇ ಹಾರ್ಡ್ ಡಿಸ್ಕನ್ನು ಒಂದು ವರ್ಷವಾದರೂ ಬೀರುವಿನಲ್ಲಿ ಇಟ್ಟಿರಿ. ಮಿಂಟ್‌ಗೆ 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು, ಅದನ್ನು ತಯಾರು ಮಾಡುವ ಕೆಲಸ ಮಗಳಿಗೇ ಬಿಡಿ.